ಕತ್ತರಿಯಕ್ಕನ ಅಂಗಡಿಯಲ್ಲಿ ಊರಿನ ನಕ್ಷೆ

ಕಾಲುವೆಯ ಸೇತುವೆ ಇಳಿದರೆ ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಒಂದು ಸಲೂನು ಸಿಗುತ್ತದೆ. ಒಂದು ಕುರ್ಚಿ, ಅದರ ಎದುರಿಗೆ ಗೋಡೆಯಗಲದ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಅಷ್ಟೇ. ಒಳಗೆ ಮೂವರು ನಿಂತರೆ ನಾಲ್ಕನೆಯವನು ಉಸಿರು ಬಿಗಿಹಿಡಿಯಬೇಕು. ಅದರ ಒಡತಿಯೇ ನಮ್ಮ ಕತ್ತರಿಯಕ್ಕ. ಗಂಡಸರ ತಲೆ, ಗಡ್ಡ, ಮೀಸೆ ಎಲ್ಲ ಅವಳ ಕೈಯಲ್ಲೇ.

ಅಂಗಡಿ ಮೊದಲು ಅವಳ ಅಪ್ಪನದಾಗಿತ್ತು. ವಯಸ್ಸಾದಂತೆ ಅವನ ಕೈ ನಡುಗತೊಡಗಿತು. ಗಂಟಲ ಹತ್ತಿರ ಕತ್ತಿ ನಡುಗುವುದನ್ನು ಕಂಡವರಿಗೆ ಇದ್ದಕ್ಕಿದ್ದಂತೆ ಹೆಂಡತಿ ಮಕ್ಕಳ ನೆನಪಾಗುತ್ತಿತ್ತು. 'ಆಮೇಲೆ ಬರ್ತೀನಿ' ಅಂತ ಎದ್ದು ಹೋದವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಚಿಕ್ಕಂದಿನಿಂದ ಆ ಅಂಗಡಿಯ ಕೂದಲು ಗುಡಿಸಿಕೊಂಡೇ ಬೆಳೆದ ಮಗಳು ಕತ್ತರಿ ಹಿಡಿದಳು ನೋಡಿ, ಬೆಂಚಿನ ಮೇಲೆ ಗುಸುಗುಸು ಶುರುವಾಯಿತು. "ಹೆಂಗಸಿನ ಕೈಗೆ ಕುತ್ತಿಗೆ ಕೊಡೋದಾ? ಮನೇಲಿ ಕೊಟ್ಟಿರೋದು ಸಾಲದಾ?" ಬೆಂಚು ತುಂಬಿದ್ದ ಒಂದು ಭಾನುವಾರ ಅಪ್ಪ ತಾನೇ ಹೋಗಿ ಕುರ್ಚಿಯಲ್ಲಿ ಕೂತ. ಬಟ್ಟೆ ಹೊದ್ದುಕೊಂಡು ಗದ್ದ ಎತ್ತಿ ಕೊಟ್ಟ. ಮಗಳು ಒಂದು ಗೀರೂ ಬೀಳದಂತೆ ಗಡ್ಡ ತೆಗೆದಳು. ಅವನು ಎದ್ದು ಕೆನ್ನೆ ಸವರಿಕೊಂಡು ಬೆಂಚಿನವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಮೊದಲು ಎದ್ದು ಬಂದವನು ಕೆಳದಂಡೆಯ ಬಡಗಿ. ಅವನ ಹಿಂದೆ ಊರೇ ಬಂತು.

ಈಗ ದಂಡೆಯ ವಿಷಯ ಹೇಳಬೇಕು. ಕಾಲುವೆಯ ಒಂದು ಕಡೆ ಮೇಲ್ದಂಡೆ. ಅಲ್ಲಿ ಎತ್ತರದ ಮನೆಗಳು, ಒಣಗಿದ ಅಂಗಳಗಳು. ಇನ್ನೊಂದು ಕಡೆ ಕೆಳದಂಡೆ. ಜೋರು ಮಳೆ ಬಂತೆಂದರೆ ಅಲ್ಲಿಯ ಚರಂಡಿಗಳು ಹಿಮ್ಮುಖವಾಗಿ ಹರಿದು ಬಚ್ಚಲಿನಿಂದ ಮನೆಯೊಳಗೆ ಮೇಲೇಳುತ್ತವೆ. ಅಲ್ಲಿಯ ಜನ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟುಕೊಂಡೇ ಸಂಸಾರ ಮಾಡುತ್ತಾರೆ.

ಹೀಗಿರುವಾಗ ನಗರಸಭೆಯವರು ಮುಂದಿನ ಹದಿನೈದು ವರ್ಷದ ಕಾಮಗಾರಿಗೆ ಪಟ್ಟಿ ಮಾಡಲು ಹೊರಟರು. ಯಾವ ರಸ್ತೆ, ಯಾವ ಚರಂಡಿ, ಯಾವ ಸೇತುವೆ, ಯಾವುದು ಮೊದಲು, ದುಡ್ಡು ಯಾವುದಕ್ಕೆ ಅಂತ ಜನರನ್ನೇ ಕೇಳಬೇಕೆಂಬುದು ಅವರ ಹೊಸ ಪದ್ಧತಿ. ಈ ಪಟ್ಟಿಯಲ್ಲಿ ಬಿಟ್ಟುಹೋದ ಕೆಲಸ ಹದಿನೈದು ವರ್ಷ ಕಾಯಬೇಕು. ಸಭೆ ಕರೆದರು. ಬಂದವರಿಗಿಂತ ಕುರ್ಚಿಗಳೇ ಹೆಚ್ಚಾದವು. ಸಭೆ ನಡೆಸಿದ ಎಂಜಿನಿಯರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. ವಾಪಸು ಹೋಗುವ ದಾರಿಯಲ್ಲಿ, ಕಂಕುಳಲ್ಲಿ ಊರಿನ ನಕ್ಷೆಯ ಸುರುಳಿ ಇಟ್ಟುಕೊಂಡು, ಸಲೂನಿನ ಬಾಗಿಲಲ್ಲಿ ನಿಂತು ನೀರು ಕೇಳಿದಳು.

"ಯಾರೂ ಬರಲಿಲ್ಲ ಅಕ್ಕ. ಇನ್ನು ನಮಗೆ ತೋಚಿದ್ದನ್ನೇ ಬರೀಬೇಕು."

"ಸಭೆಗೆ ಬರದವರೂ ತಲೆ ಕೊಡೋಕೆ ಇಲ್ಲಿಗೆ ಬರಲೇಬೇಕಲ್ಲಮ್ಮ," ಅಂದಳು ಕತ್ತರಿಯಕ್ಕ. "ಆ ನಕ್ಷೆ ಇಲ್ಲಿ ಬಿಟ್ಟು ಹೋಗಿ. ಕತ್ತಿ ಕೆನ್ನೆ ಮೇಲಿರುವಾಗ ಯಾರೂ ಸುಳ್ಳು ಹೇಳಲ್ಲ."

ನಕ್ಷೆಗೆ ಜಾಗ ಸಿಕ್ಕಿದ್ದು ಕನ್ನಡಿಯ ಎದುರಿನ ಗೋಡೆಯಲ್ಲಿ. ಕೂತವನಿಗೆ ಕನ್ನಡಿಯಲ್ಲಿ ಬೆನ್ನ ಹಿಂದಿನ ನಕ್ಷೆ ಪೂರ್ತಿ ಕಾಣುತ್ತಿತ್ತು. ಮಧ್ಯೆ ನೀಲಿ ಗೆರೆಯ ಕಾಲುವೆ, ಎರಡೂ ಕಡೆ ಒಂದೇ ತರಹದ ಗಲ್ಲಿಗಳು. ಹೆಸರುಗಳು ಇರುವೆ ಸಾಲಿನಷ್ಟು ಸಣ್ಣವು. ಕತ್ತರಿಯಕ್ಕ ಕೇಳುವಳು, ಗಿರಾಕಿ ಕನ್ನಡಿ ನೋಡಿ ಹೇಳುವನು, ಬೆಂಚಿನ ಮೇಲೆ ಕೂತ ಅಪ್ಪ ಎದ್ದು ಹೋಗಿ ಕೆಂಪು ತಲೆಯ ಗುಂಡುಸೂಜಿ ಚುಚ್ಚುವನು. ಕತ್ತರಿ ಬಿಟ್ಟ ಮೇಲೆ ಕೈಗೆ ಕೆಲಸವಿಲ್ಲದೆ ಸೊರಗಿದ್ದ ಮುದುಕ, ಈಗ ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಸೂಜಿಯ ಡಬ್ಬಿ ಹಿಡಿದು ಕಾಯತೊಡಗಿದ.

"ಎಡಗಡೆ ಚುಚ್ಚಯ್ಯ ಮಾವ, ಮೂರನೇ ಗಲ್ಲಿಯ ತುದಿಗೆ," ಅಂದ ಬಡಗಿ. "ದೊಡ್ಡ ಚರಂಡಿ ಬೇಕು. ನನ್ನ ಹೆಂಡತಿ ಒಲೆಯ ಮುಂದೆ ಸ್ಟೂಲಿನ ಮೇಲೆ ನಿಂತು ಅಡುಗೆ ಮಾಡ್ತಾಳೆ. ಮೊದಲೇ ನನಗಿಂತ ಎತ್ತರ, ಈಗ ಬೈಗುಳ ಆಕಾಶದಿಂದ ಬೀಳ್ತದೆ."

"ಎಡಗಡೆ ತಾನೆ? ಆಯ್ತು," ಅಂತ ಅಪ್ಪ ಎಡಗಡೆ ಚುಚ್ಚಿದ. ಅಷ್ಟರಲ್ಲಿ ಕತ್ತರಿಯಕ್ಕ ಹಿಂದಲೆ ಸವರಲು ಬಡಗಿಯ ತಲೆಯನ್ನು ಬಗ್ಗಿಸಿಬಿಟ್ಟಿದ್ದಳು. ಎದ್ದ ಮೇಲೆ ಅವನು ನಕ್ಷೆಯನ್ನೊಮ್ಮೆ ನೋಡಿದ. ಎಡಗಡೆ ಹೇಳಿದ್ದೆ, ಎಡಗಡೆಯೇ ಇದೆ ಅಂತ ಸಮಾಧಾನದಿಂದ ಹೋದ. ಅವನ ಹಿಂದೆ ಬಂದವರೂ ಹಾಗೆಯೇ ಹೇಳಿ ಹೋದರು. ನಕ್ಷೆಯ ಎಡಭಾಗ ಕೆಂಪಾಯಿತು. ಎಂಜಿನಿಯರಮ್ಮ ಬಂದು ನಕ್ಷೆಯನ್ನು ಮಗುವಿನಂತೆ ಎತ್ತಿಕೊಂಡು ಹೋದಳು. ಬೇರೆ ಯಾವ ಬಡಾವಣೆಯಿಂದಲೂ ಇಷ್ಟು ಜನರ ಮಾತು ಬಂದಿಲ್ಲ ಅಂದಳು. ಆ ದಿನ ಅಪ್ಪ ಮಗಳು ಇಬ್ಬರೂ ನೆಲ ಮುಟ್ಟದೆ ನಡೆದರು.

ಕರಡು ಪಟ್ಟಿ ಹೊರಬಿತ್ತು. ದೊಡ್ಡ ಚರಂಡಿ ಬಂದಿತ್ತು, ಮೊದಲ ಸಾಲಿನಲ್ಲೇ. ಆದರೆ ಮೇಲ್ದಂಡೆಗೆ!

"ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂದ ಹಾಗಾಯ್ತು," ಅಂತ ಕೆಳದಂಡೆ ಕುದಿಯಿತು. "ಮೇಲಿನವರು ನಗರಸಭೆಯವರ ಕೈ ಬಿಸಿ ಮಾಡಿದ್ದಾರೆ! ಆ ಹುಡುಗಿ ಮುಖ ನೋಡಿದರೇ ಗೊತ್ತಾಗ್ತಿತ್ತು!" ಕತ್ತರಿಯಕ್ಕನೂ ಹಾಗೇ ನಂಬಿದ್ದಳು. ಅಂತಿಮ ಸಭೆಗೆ ಹೋಗಿ ಜಗಳ ತೆಗೆಯಲು ಎಲ್ಲರೂ ಸಿದ್ಧರಾದರು.

ಸಭೆಯ ದಿನ ಬೆಳಿಗ್ಗೆ, ಜಗಳಕ್ಕೆ ಮುಖ ಚೊಕ್ಕವಾಗಿರಲಿ ಅಂತ ಬಡಗಿ ಗಡ್ಡ ಮಾಡಿಸಲು ಬಂದ. ಅವಳು ಅರ್ಧ ಕೆನ್ನೆ ಮುಗಿಸಿದ್ದಳು. ಅವನು ಕನ್ನಡಿಯತ್ತ ಬೆರಳು ಮಾಡಿ, "ಹೊರಗೆ ನಿಲ್ಲಿಸಿದ್ದೀನಲ್ಲ, ಎಡಗಡೆ ಇರೋ ಆ ಸೈಕಲ್ ಮೇಲೆ ಒಂದು ಕಣ್ಣಿಡಕ್ಕ," ಅಂದ. ಕತ್ತರಿಯಕ್ಕ ಬಾಗಿಲ ಕಡೆ ತಿರುಗಿದಳು. ಸೈಕಲ್ ಬಲಗಡೆ ನಿಂತಿತ್ತು. ಮತ್ತೆ ಕನ್ನಡಿ ನೋಡಿದಳು. ಎಡಗಡೆ. ನಕ್ಷೆಯಿದ್ದ ಗೋಡೆಯ ಮೊಳೆಗಳನ್ನು ನೋಡಿದಳು. ಅವಳ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು.

"ಅಯ್ಯೋ ನನ್ನ ಕರ್ಮವೇ. ಕನ್ನಡಿ ನೋಡಿ ನೀವು ಹೇಳಿದ್ದು, ಗೋಡೆ ನೋಡಿ ನಾವು ಚುಚ್ಚಿದ್ದು!"

ಬೆಂಚಿನ ಮೇಲಿದ್ದ ಅಪ್ಪನ ಮುಖ ಬಿಳುಚಿಕೊಂಡಿತು. ಅವಳು ಅವನತ್ತ ನೋಡಿ ಯೋಚಿಸಿದಳು. ಸುಮ್ಮನಿದ್ದರೆ ತಪ್ಪೆಲ್ಲ ನಗರಸಭೆಯ ತಲೆಗೆ ಹೋಗುತ್ತದೆ, ಅಪ್ಪನ ಮಾನ ಉಳಿಯುತ್ತದೆ. ಆದರೆ ಲಂಚದ ಜಗಳ ತೀರುವ ಹೊತ್ತಿಗೆ ಪಟ್ಟಿಗೆ ಮೊಹರು ಬಿದ್ದಿರುತ್ತದೆ, ಕೆಳದಂಡೆಯ ಮಕ್ಕಳು ಹದಿನೈದು ವರ್ಷ ಆ ನೀರಲ್ಲೇ ಬೆಳೆಯುತ್ತಾರೆ. ಅವಳು ಬಡಗಿಯ ಕೊರಳಿನ ಬಟ್ಟೆ ಬಿಚ್ಚಿದಳು. "ಏಳು. ಹೋಗೋಣ."

"ಇನ್ನೊಂದು ಕೆನ್ನೆ?"

"ಆ ಕೆನ್ನೆ ಕಾಯುತ್ತೆ. ಸಭೆ ಕಾಯಲ್ಲ."

ಸಭಾಂಗಣದಲ್ಲಿ ಆಗಲೇ ಕೂಗಾಟ. ಎಂಜಿನಿಯರಮ್ಮ ಪಟ್ಟಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಕತ್ತರಿಯಕ್ಕ ನೇರ ಮುಂದೆ ಹೋದಳು.

"ಬೈಯೋದಾದರೆ ಈ ಕಡೆ ಬೈಯಿರಿ. ತಪ್ಪು ನನ್ನ ಅಂಗಡಿಯದು. ನಕ್ಷೆಯನ್ನು ಕನ್ನಡಿಯಲ್ಲಿ ತೋರಿಸಿ ಎಡ ಬಲ ಅದಲು ಬದಲು ಮಾಡಿದೆ. ಈ ಹುಡುಗಿ ನಾವು ಕೊಟ್ಟಿದ್ದನ್ನೇ ಬರೆದಿದ್ದಾಳೆ."

"ನೀನಲ್ಲ," ಅಂತ ಹಿಂದಿನಿಂದ ಒಂದು ಧ್ವನಿ ಬಂತು. ಅಪ್ಪ ಗೋಡೆ ಹಿಡಿದುಕೊಂಡು ಬರುತ್ತಿದ್ದ. "ಸೂಜಿ ಚುಚ್ಚಿದ್ದು ನಾನು. ನನ್ನ ತಪ್ಪನ್ನು ನನ್ನ ಮಗಳು ಯಾಕೆ ಹೊರಬೇಕು?"

ಸಭೆ ತಣ್ಣಗಾಯಿತು. ಎಂಜಿನಿಯರಮ್ಮ ಉಸಿರು ಬಿಟ್ಟಳು. "ಎತ್ತರದಲ್ಲಿರೋರಿಗೆ ಚರಂಡಿ ಯಾಕಪ್ಪ ಅಂತ ನನಗೂ ಅನಿಸಿತ್ತು. ಜನರ ಮಾತಲ್ಲವಾ ಅಂತ ಕೇಳೋಕೆ ಬರಲಿಲ್ಲ, ಅದು ನನ್ನ ತಪ್ಪು. ಆದರೆ ಬರೀ ನಿಮ್ಮ ಮಾತಿನ ಮೇಲೆ ತಿದ್ದೋಕಾಗಲ್ಲ ಅಕ್ಕ. ಜನ ಬಂದು ತಮ್ಮ ಕೈಯಾರೆ ಗುರುತು ಹಾಕಬೇಕು, ಸಂಜೆಯೊಳಗೆ."

ಮೇಲ್ದಂಡೆಯ ಮೀಸೆ ಮಾಸ್ತರರು ಎದ್ದರು. "ಕೈಗೆ ಬಂದ ಭಾಗ್ಯವನ್ನು ನಾವು ಯಾಕೆ ಬಿಡಬೇಕು?"

"ಬಿಡಬೇಡಿ ಮಾಸ್ತರೇ," ಅಂದಳು ಕತ್ತರಿಯಕ್ಕ. "ನಿಮ್ಮ ಬಾಗಿಲ ಮುಂದೆ ಆಳುದ್ದದ ಗುಂಡಿ ತೋಡ್ತಾರೆ. ದಾಟೋಕೆ ನಿಮ್ಮ ಮೀಸೇನೇ ಹಲಗೆ ಮಾಡ್ಕೊಳ್ಳಿ."

ಮೇಲ್ದಂಡೆಯವರೇ ಮೊದಲು ನಕ್ಕರು. ಮಾಸ್ತರರೂ ಮೀಸೆ ಮುಟ್ಟಿಕೊಂಡು ಕೂತರು.

ಆಮೇಲೆ ಅವಳು ಓಡಿದ ಓಟ ನೋಡಬೇಕಿತ್ತು. ಕೆಳದಂಡೆಯ ಗಲ್ಲಿ ಗಲ್ಲಿಗೂ ನುಗ್ಗಿದಳು. ಯಾವ ತಲೆ ಯಾವ ಮನೆಯದು ಅಂತ ಅವಳಿಗೆ ಹೇಳಿಕೊಡಬೇಕೇ? ಮಲಗಿದ್ದವರನ್ನು ಎಬ್ಬಿಸಿದಳು, ನಾಚಿದವರ ಕೈ ಹಿಡಿದೆಳೆದಳು. ಗಂಡಸರು ಮಾತ್ರವಲ್ಲ, ಸಲೂನಿಗೆ ಎಂದೂ ಕಾಲಿಡದ ಹೆಂಗಸರೂ ಬಂದರು. ಸ್ಟೂಲಿನ ಮೇಲೆ ಅಡುಗೆ ಮಾಡುವ ಬಡಗಿಯ ಹೆಂಡತಿ ಎಲ್ಲರಿಗಿಂತ ಮುಂದಿದ್ದಳು. ಹೊಸ ನಕ್ಷೆಯನ್ನು ನೆಲದ ಮೇಲೆ ಹಾಸಿದ್ದರು. ಜನ ಸುತ್ತ ಮಂಡಿಯೂರಿ ತಮ್ಮ ಮನೆ ಹುಡುಕಿ, ತಮ್ಮ ಕೈಯಿಂದಲೇ ಗುರುತು ಹಾಕಿದರು. ಮಾಸ್ತರರು ಬಂದು ತಮ್ಮ ಬೀದಿಗೆ ದೀಪ ಕೇಳಿದರು. ಅದಕ್ಕೂ ಜಾಗ ಸಿಕ್ಕಿತು, ಪಟ್ಟಿಯಲ್ಲಿ ಕೊಂಚ ಕೆಳಗೆ. ದೊಡ್ಡ ಚರಂಡಿ ಕೆಳದಂಡೆಗೆ ಇಳಿಯಿತು, ಪಟ್ಟಿಯ ಮೊದಲ ಸಾಲಿನಲ್ಲೇ ಉಳಿಯಿತು.

ಕೆಲಸ ಹೇಳಿದಂತೆ ನಡೆಯುತ್ತಿದೆಯೇ ಅಂತ ವರ್ಷ ವರ್ಷವೂ ನೋಡಿಕೊಳ್ಳಲು ಈ ಬಡಾವಣೆಯಿಂದ ಒಬ್ಬರು ಬೇಕು ಅಂದಳು ಎಂಜಿನಿಯರಮ್ಮ. "ನಮ್ಮಕ್ಕ!" ಅಂತ ಬಡಗಿ ಅರ್ಧ ಗಡ್ಡದ ಮುಖವೆತ್ತಿ ಕೂಗಿದ.

"ನಾನಾ? ಎಡ ಬಲ ಗೊತ್ತಾಗದವಳು!"

"ಹದಿನೈದು ವರ್ಷದಲ್ಲಿ ಇನ್ನೂ ಎಷ್ಟು ತಪ್ಪಾಗುತ್ತೋ. ಎದ್ದು ನಿಂತು ತಪ್ಪಾಯ್ತು ಅನ್ನೋರೇ ಬೇಕು ನಮಗೆ," ಅಂದಳು ಬಡಗಿಯ ಹೆಂಡತಿ. ಎರಡೂ ದಂಡೆಯ ಕೈಗಳು ಮೇಲೆದ್ದವು.

ಕತ್ತರಿಯಕ್ಕನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಬಾಗಿಲ ಬಳಿ ಅಪ್ಪ, ಕುರ್ಚಿಗಳನ್ನು ಜೋಡಿಸುತ್ತಿದ್ದ ಗುರುತಿಲ್ಲದ ಯಾರನ್ನೋ ತಡೆದು ನಿಲ್ಲಿಸಿಕೊಂಡಿದ್ದ. "ಅಲ್ಲಿ ನಿಂತಿದ್ದಾಳಲ್ಲ, ಅವಳು ನನ್ನ ಮಗಳು. ಕೆಲಸ ಕಲಿಸಿದ್ದು ನಾನೇ. ಧೈರ್ಯ ಮಾತ್ರ ಅವಳದೇ."

"ಸಾಕು ಅಪ್ಪಾ," ಅಂದಳು ಅವಳು, ಅವನಿಗೆ ಕೇಳಿಸದಷ್ಟು ಮೆಲ್ಲಗೆ.