ನೋವು ಬಾರದ ಬುಧವಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ವರ್ಷ ಒಂದು ಬುಧವಾರ ಬೆಳಿಗ್ಗೆ ಎದ್ದಾಗ ನನಗೆ ಎಲ್ಲೂ ನೋವಿರಲಿಲ್ಲ. ಬೆರಳು ಮಡಚಿದೆ, ಮಡಚಿದವು. ಮೊಣಕಾಲು ಬಗ್ಗಿಸಿದೆ, ಬಗ್ಗಿತು. ಚಹಾದ ಕಪ್ಪನ್ನು ಒಂದೇ ಕೈಯಲ್ಲಿ ಎತ್ತಿದೆ. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿಯುತ್ತಿದ್ದರು. ನಾನು ಹಾಸಿಗೆಯ ಅಂಚಿನಲ್ಲಿ ಕೂತು ‘ಅಯ್ಯೋ, ಇವತ್ತೇ ಹೀಗಾಗಬೇಕಿತ್ತೇ?’ ಎಂದು ತಲೆ ಹಿಡಿದುಕೊಂಡೆ. ಏಕೆಂದರೆ ಆ ದಿನ ನಾನು ಬಾಗಲಕೋಟೆಗೆ ಹೋಗಿ, ಮೂವರು ವೈದ್ಯರ ಮುಂದೆ ನಿಂತು, ನನ್ನ ಮೈ ನೆಟ್ಟಗಿಲ್ಲವೆಂದು ರುಜುವಾತು ಮಾಡಬೇಕಿತ್ತು.

ನನಗಿರುವುದು ಸಂಧಿವಾತ. ಅದರ ಸ್ವಭಾವ ನಮ್ಮ ಓಣಿಯ ನಳದ ನೀರಿನಂಥದ್ದು. ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾರೂ ಹೇಳಲಾರರು. ಸೋಮವಾರ ಎರಡೆರಡು ಮೆಟ್ಟಿಲು ಹಾರಿ ಹತ್ತಿದವನು ಮಂಗಳವಾರ ಅಂಗಿಯ ಗುಂಡಿ ಹಾಕಿಕೊಳ್ಳಲಾರೆ. ಕಾಲು ಮುರಿದವನಿಗೆ ತೋರಿಸಲು ಪ್ಲಾಸ್ಟರಾದರೂ ಇರುತ್ತದೆ. ನನ್ನ ಬಳಿ ಇರುವುದು ಬರೀ ಮಾತು. ಇಪ್ಪತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನ ಮಾತನ್ನು ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ?

ನಾನು ಇಳಕಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅಲ್ಲಿ ಗಾಡಿ ನಿಲ್ಲಿಸುವುದು ಗೇಟಿನ ಬಳಿ. ತರಗತಿಗೆ ಹೋಗಲು ಇಡೀ ಮೈದಾನ ದಾಟಬೇಕು. ನೋವಿನ ದಿನಗಳಲ್ಲಿ ಆ ಮೈದಾನ ಯಾವುದೋ ದಂಡಯಾತ್ರೆಯ ದಾರಿಯಷ್ಟು ಉದ್ದವಾಗುತ್ತಿತ್ತು. ದಾಟಿ ಬಂದರೆ ಪಾಠ ಹೇಳುವ ಶಕ್ತಿ ಉಳಿಯುತ್ತಿರಲಿಲ್ಲ, ದಾಟಲಾಗದ ದಿನ ರಜೆ ಹಾಕುತ್ತಿದ್ದೆ. ರಜೆಗಳು ತೀರುತ್ತ ಬಂದಾಗ ಪ್ರಿನ್ಸಿಪಾಲರು ಕರೆದು, “ಸರ್, ತಪ್ಪ ತಿಳೀಬ್ಯಾಡ್ರಿ, ಸ್ವಯಂ ನಿವೃತ್ತಿ ಅಂತ ಒಂದ ಚಲೋ ಯೋಜನಾ ಅದ,” ಎಂದರು. ಆ ರಾತ್ರಿಯಿಂದ ನನಗೆ ನಿದ್ದೆಯಿಲ್ಲ. ಪಾಠ ಹೇಳುವುದು ಬಿಟ್ಟರೆ ನನಗೆ ಚೆನ್ನಾಗಿ ಬರುವ ಇನ್ನೊಂದು ಕೆಲಸ ಚಿಂತೆ ಮಾಡುವುದು. ಅದಕ್ಕೆ ಯಾರೂ ನೌಕರಿ ಕೊಡುವುದಿಲ್ಲ.

ಕಟ್ಟಡದ ಬಾಗಿಲ ಪಕ್ಕದಲ್ಲೇ ವಿಕಲಚೇತನರ ವಾಹನಕ್ಕೆಂದು ಒಂದು ಜಾಗವಿತ್ತು. ಕಾಲೇಜಿನ ತಪಾಸಣೆಗೆ ಸಮಿತಿ ಬರುವ ಹಿಂದಿನ ದಿನ ಅಲ್ಲಿ ನೀಲಿ ಬಣ್ಣ ಬಳಿದು ಗಾಲಿಕುರ್ಚಿ ಬರೆಸಿದ್ದರು. ಬರೆದವನು ಗೋಡೆಯ ಮೇಲೆ ಗೊಬ್ಬರದ ಜಾಹೀರಾತು ಬರೆಯುವ ಪೇಂಟರ್. ಹಾಗಾಗಿ ಅದು ಬಂಡಿಯ ಗಾಲಿ ಹತ್ತಿ ಕೂತ ರೈತನಂತೆ ಕಾಣುತ್ತಿತ್ತು. ಪಕ್ಕದ ಇಳಿಜಾರಿಗೆ ಖಣಿಯ ಯಜಮಾನರೊಬ್ಬರು ನಮ್ಮೂರಿನ ಕೆಂಪು ಗ್ರಾನೈಟನ್ನು ಕನ್ನಡಿಯಂತೆ ಪಾಲಿಶ್ ಮಾಡಿಸಿ ದಾನ ಕೊಟ್ಟಿದ್ದರು. ಗಟ್ಟಿ ಕಾಲಿನವರೂ ಅದರ ಮೇಲೆ ಜಾರುತ್ತಿದ್ದರು. ಅಂಗವಿಕಲರು ಎನ್ನುತ್ತಿದ್ದೆವು, ಆಮೇಲೆ ವಿಕಲಚೇತನರು, ಈಗ ವಿಶೇಷಚೇತನರು. ಹೆಸರಿಗೆ ಮೂರು ಸಲ ಪಾಲಿಶ್ ಆಯಿತು. ಇಳಿಜಾರಿಗೆ ಆದದ್ದು ಒಂದೇ ಸಲ, ಅದೂ ಆಗಬಾರದಿತ್ತು.

ಆ ನೀಲಿ ಜಾಗದಲ್ಲಿ ನಿಲ್ಲುತ್ತಿದ್ದುದು ಪ್ರಿನ್ಸಿಪಾಲರ ಕಾರು. ನಾನು ಅಳುಕುತ್ತಲೇ ಕೇಳಿದೆ.

“ಸರ್ಟಿಫಿಕೇಟ್ ತರ್ರಿ ಸರ್, ನಾಳೇನ ನನ್ನ ಗಾಡಿ ತಗೀತೇನಿ,” ಎಂದರು. ತರಲಾರೆನೆಂಬ ಭರವಸೆ ಅವರಿಗಿತ್ತು.

ಹೀಗೆ ಆ ಬುಧವಾರ ಬಂತು. “ಬಾಗಲಕೋಟಿಗೆ ಹೊಂಟೀರಿ, ನಾಕ್ ಮಂದಿ ನೋಡ್ತಾರ,” ಎಂದು ಹೆಂಡತಿ ಸುಮಿತ್ರಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಕೊಟ್ಟಳು. ಕನ್ನಡಿಯಲ್ಲಿ ನೋಡಿದರೆ ಬೀಗರನ್ನು ಕರೆಯಲು ಹೊರಟವನ ಹಾಗಿದ್ದೆ. ಹುನಗುಂದ ದಾಟುವವರೆಗೂ ಬಸ್ಸಿನಲ್ಲಿ ಮೊಣಕಾಲು ಒತ್ತಿ ಒತ್ತಿ ನೋಡಿದೆ. ಅಮೀನಗಡದಲ್ಲಾದರೂ ನೋವಿಗೆ ಎಚ್ಚರವಾದೀತೆಂದು ಕಾದೆ. ಇಲ್ಲ. ಮಗುವಿನಂತೆ ಮಲಗಿತ್ತು.

ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರ ಕೋಣೆಗೆ ಹೋದೆ. ನಡುವೆ ಕೂತ ಹಿರಿಯ ಡಾಕ್ಟರು ಫೈಲಿನಿಂದ ತಲೆ ಎತ್ತಿ, “ಬರ್ರಿ ಸರ್, ಆರಾಮ?” ಎಂದರು.

“ಆರಾಮ್ರಿ ಸಾಹೇಬ್ರ, ನಿಮ್ದು?” ಎಂದೆ.

ಅಷ್ಟೇ. ಅವರು ಅದನ್ನು ಬರೆದುಕೊಂಡರು.

ನಮ್ಮ ಕಡೆಯವರಲ್ಲದವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮಲ್ಲಿ ಆರಾಮವೇ ಎಂದು ಕೇಳಿದರೆ ಉತ್ತರ ಒಂದೇ. ಸಲಾಯಿನ್ ಹಚ್ಚಿಕೊಂಡು ಮಲಗಿದವನೂ ನೋಡಲು ಬಂದವರಿಗೆ ಆರಾಮ್ರಿ ಎನ್ನುತ್ತಾನೆ. ಇಲ್ಲ ಎಂದರೆ ಕೇಳಿದವರನ್ನು ನಿಲ್ಲಿಸಿಕೊಂಡು ಕಥೆ ಹೇಳಬೇಕಾಗುತ್ತದೆ, ಅದು ಮರ್ಯಾದೆಯಲ್ಲ. ಇದು ಬಹಳ ಹಳೆಯ ರೂಢಿಯಿರಬೇಕು. ನಾನು ಓದಿದ ಯಾವ ಶಾಸನದಲ್ಲೂ ರಾಜನಿಗೆ ಮೊಣಕಾಲು ನೋವೆಂದು ಬರೆದಿಲ್ಲ. ಎಲ್ಲರೂ ಗೆದ್ದಿದ್ದಾರೆ, ದಾನ ಕೊಟ್ಟಿದ್ದಾರೆ, ಆರಾಮಾಗಿದ್ದಾರೆ. ಬಾದಾಮಿಯ ಮೊದಲ ಗುಹೆಯಲ್ಲಿ ಶಿವ ಹದಿನೆಂಟು ಕೈಗಳಿಂದ ಕುಣಿಯುತ್ತಾನೆ. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಕರೆದೊಯ್ದು ಅದರ ಶಿಲ್ಪಚಾತುರ್ಯ ವರ್ಣಿಸುತ್ತಿದ್ದವನು ಈಗ ಅದರ ಮುಂದೆ ನಿಂತರೆ ಮಣಿಕಟ್ಟು ಹದಿನೆಂಟು, ಮೊಣಕೈ ಹದಿನೆಂಟು ಎಂದು ಎಣಿಸಿ ಬೆವರುತ್ತೇನೆ.

ಫಲಿತಾಂಶ ಬಂತು: ಅಂಗವೈಕಲ್ಯ ಶೇಕಡಾ ಇಪ್ಪತ್ತೆರಡು. ಸರ್ಟಿಫಿಕೇಟಿಗೆ ಬೇಕಾದದ್ದು ನಲವತ್ತು. ಹಿಡಿ ಹಿಡಿ ಗ್ರೇಸ್ ಅಂಕ ಕೊಟ್ಟು ಹುಡುಗರನ್ನು ದಡ ಹತ್ತಿಸಿದವನು ನಾನೇ ಫೇಲಾಗಿದ್ದೆ. ಕೆಳಗೆ ಷರಾ: ‘ಊರುಗೋಲಿಲ್ಲದೆ ನಡೆಯುತ್ತಾರೆ. ಆರಾಮವಿರುವುದಾಗಿ ತಾವೇ ತಿಳಿಸಿದ್ದಾರೆ.’

ಮರುಪರೀಕ್ಷೆಗೆ ಅರ್ಜಿ ಹಾಕಿದೆ. ವೈದ್ಯರು ಕೂರುವುದು ಬುಧವಾರ ಮಾತ್ರ. ಈ ಸಲ ನೋವಿದ್ದಾಗಲೇ ಹೋಗಬೇಕೆಂದರೆ, ನೋವಿದ್ದಾಗ ಅಷ್ಟು ದೂರ ಗಾಡಿ ಓಡಿಸಲಾರೆ, ಬಸ್ಸೂ ಹತ್ತಲಾರೆ. ಬಸ್ಸು ಹತ್ತಬಲ್ಲ ದಿನ ತೋರಿಸಲು ನೋವಿರುವುದಿಲ್ಲ. ಈ ಗಂಟನ್ನು ಬಿಡಿಸಲಾಗದೆ ಮಹಾಕೂಟದ ಗುಡಿಗೆ ಹೋದೆವು. ಸುಮಿತ್ರಾ ನನ್ನ ನೋವು ಹೋಗಲೆಂದು ಕೈ ಮುಗಿದಳು. ಪಕ್ಕದಲ್ಲೇ ನಿಂತು ನಾನು, ಹೋಗಲಿ, ಆದರೆ ಬರುವ ಬುಧವಾರ ಒಂದು ದಿನ ಇದ್ದು ಹೋಗಲಿ ಎಂದು ಬೇಡಿಕೊಂಡೆ. ಒಂದೇ ಮನೆಯಿಂದ ಎರಡು ಅರ್ಜಿ ಬಂದದ್ದು ನೋಡಿ ದೇವರು ಎರಡನ್ನೂ ಬದಿಗಿಟ್ಟಿರಬೇಕು. ಆ ಬುಧವಾರವೂ ನಾನು ಹೂವಿನಂತೆ ಹಗುರಾಗಿ ಎದ್ದೆ.

“ನಾನೂ ಬರ್ತೇನಿ,” ಎಂದಳು ಸುಮಿತ್ರಾ. “ನೀವ್ ಒಬ್ಬರ ಹೋದ್ರ ಮತ್ತ ಆರಾಮ್ ಅಂದ ಬರ್ತೀರಿ.”

ಅದೇ ಕೋಣೆ, ಅದೇ ಹಿರಿಯ ಡಾಕ್ಟರು. “ಬರ್ರಿ ಸರ್, ಈಗ ಹ್ಯಾಂಗದೀರಿ?”

ನನ್ನ ಬಾಯಿ ಆಗಲೇ ತೆರೆದಿತ್ತು. ಆದರೆ ಮಾತಾಡಿದವಳು ಸುಮಿತ್ರಾ. “ಇವರನ್ನ ಕೇಳಬ್ಯಾಡ್ರಿ ಸಾಹೇಬ್ರ. ಉಸಿರ ನಿಂತ್ರೂ ಆರಾಮ್ ಅನ್ನೂ ಮನಶ್ಯಾ. ನನ್ನ ಕೇಳ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಹೇಳ್ರಿ ತಾಯಿ.”

“ನಮ್ಮ ಮನ್ಯಾಗ ಖಡಕ್ ರೊಟ್ಟಿರಿ. ನೋವಿದ್ದ ದಿನ ಇವರಿಗೆ ಅದು ಮುರಿಯಾಕ ಬರಂಗಿಲ್ಲ. ಸಾರಿನ್ಯಾಗ ಇಡೀದು ನೆನಸಿ ತಿಂತಾರ. ಹಿಂಗ ತಿಂದ್ರನ ರುಚಿ ಅಂತ ನನಗ ಹೇಳ್ತಾರ. ಹಲ್ಲ ಗಟ್ಟಿ ಅದಾವ್ರಿ, ಕೈ ಇಲ್ಲ. ಹೋದ ತಿಂಗಳ ಹದಿಮೂರ ದಿನ ನೆನಸ್ಯಾರ.”

ಹದಿಮೂರು! ಅರ್ಜಿಯಲ್ಲಿ ನಾನು ಬರೆದದ್ದು ‘ನಾಲ್ಕೈದು ದಿನ’. ಸುಳ್ಳು ಬರೆದಿರಲಿಲ್ಲ, ನಾಲ್ಕೈದೇ ಎಂದು ನಂಬಿದ್ದೆ.

ಜೋಳದ ಖಡಕ್ ರೊಟ್ಟಿಯನ್ನು ಬೆರಳಿನಿಂದ ಮುರಿಯಲು ಎಷ್ಟು ಶಕ್ತಿ ಬೇಕೆಂದು ಆ ಮೂವರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಹಿರಿಯ ಡಾಕ್ಟರು ನನ್ನ ಬೆರಳಿನ ಎಕ್ಸ್-ರೇಯನ್ನು ಮತ್ತೆ ಬೆಳಕಿಗೆ ಹಿಡಿದರು. ಗಂಟು ಗಂಟನ್ನೂ ಒತ್ತಿ ನೋಡಿದರು. “ಇದನ್ನೆಲ್ಲಾ ಆವಾಗ ಯಾಕ ಹೇಳಲಿಲ್ಲ ಸರ್?” ಎಂದರು. ಪಾಸಾದೆ. ಒಂದು ವರ್ಷಕ್ಕೆ ಮಾತ್ರ, ಬರುವ ವರ್ಷ ಮತ್ತೆ ಪರೀಕ್ಷೆ.

ತಿರುಗಿ ಬರುವಾಗ ಬಸ್ಸಿನಲ್ಲಿ, “ಹದಿಮೂರು ಅಂತ ಎಣಿಸಿದ್ದ್ಯಾಕ?” ಎಂದು ಕೇಳಿದೆ.

“ನೀವ್ ಹೇಳೂದಿಲ್ಲಲ್ಲ. ಮತ್ತ ನನಗ ಹ್ಯಾಂಗ ಗೊತ್ತಾಗಬೇಕು?” ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಪ್ರಿನ್ಸಿಪಾಲರು ಸರ್ಟಿಫಿಕೇಟಿನ ಎರಡೂ ಮಗ್ಗುಲು ನೋಡಿ, ಮರುದಿನವೇ ಕಾರು ತೆಗೆದರು. ನೀಲಿ ಜಾಗ ನನ್ನದಾಯಿತು. ಆದರೆ ಅಲ್ಲಿ ಗಾಡಿ ನಿಲ್ಲಿಸಿದ ಮೊದಲ ದಿನ ನನಗೆ ನೋವಿರಲಿಲ್ಲ. ಸ್ಟಾಫ್ ರೂಮಿನ ಕಿಟಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಗಟ್ಟಿಮುಟ್ಟಾಗಿ ಇಳಿದು ನಡೆದರೆ ಮೋಸಗಾರ ಎನ್ನುವುದಿಲ್ಲವೇ? ಜನರ ಸಮಾಧಾನಕ್ಕೆಂದು ಒಂದಿಷ್ಟು ಕುಂಟಿದೆ. ಮರುದಿನವೂ ನೋವಿರಲಿಲ್ಲ, ಮತ್ತೆ ಕುಂಟಿದೆ. ಗೇಟು ಕಾಯುವ ಹುಸೇನಸಾಬ ಬಾಗಿಲವರೆಗೂ ನನ್ನ ಹಿಂದೆಯೇ ಬಂದ.

“ಸರ್, ಒಂದ್ ಮಾತ್ ಕೇಳ್ಲಿ? ನಿನ್ನಿ ಎಡಗಾಲ ಕುಂಟತಿದ್ರಿ, ಇವತ್ತ ಬಲಗಾಲ. ಯಾವದರ ಒಂದ ಹಿಡೀರಲಾ.”

ನಾನು ಅಲ್ಲೇ ನಿಂತುಬಿಟ್ಟೆ.

“ಸುಮ್ನ ನೆಟ್ಟಗ ನಡೀರಿ ಸರ್,” ಎಂದ ಅವನು, ದನಿ ತಗ್ಗಿಸಿ. “ಮ್ಯಾಲ ಹುಡುಗೂರ ಕುಂತಾವ. ಇಲ್ಲೇ ಎಲ್ಲಾ ದಣದ್ರ ಅಲ್ಲಿ ಏನ ಹೇಳ್ತೀರಿ?”

ನೆಟ್ಟಗೆ ನಡೆದೆ. ಅಂದು ಮಾಳಿಗೆ ಹತ್ತಿ, ಎಷ್ಟೋ ದಿನಗಳ ಮೇಲೆ ಇಡೀ ತಾಸು ನಿಂತೇ ಪಾಠ ಹೇಳಿದೆ. ಗಂಟೆ ಬಾರಿಸಿದ್ದು ನನಗೇ ಕೇಳಿಸಲಿಲ್ಲ. ಒಂದು ವಾರ ಬಿಟ್ಟು ಕೆಟ್ಟ ದಿನವೂ ಬಂತು. ಸ್ಟೇರಿಂಗ್ ಹಿಡಿಯುವಷ್ಟು ಬೆರಳು ಸಡಿಲವಾಗಲೆಂದು ಬಿಸಿನೀರಿನಲ್ಲಿ ಕೈ ಅದ್ದಿ ಕೂತು, ತಡವಾಗಿ ಹೋಗಿ, ನೀಲಿ ಜಾಗದಲ್ಲಿ ಗಾಡಿ ನಿಲ್ಲಿಸಿ, ಮೆಟ್ಟಿಲನ್ನು ಒಂದೊಂದಾಗಿ ಹತ್ತಿ, ಕುರ್ಚಿಯಲ್ಲಿ ಕೂತು ಪಾಠ ಹೇಳಿದೆ. ರಜೆ ಹಾಕಲಿಲ್ಲ. ನಿವೃತ್ತಿಯ ಮಾತನ್ನು ಪ್ರಿನ್ಸಿಪಾಲರು ಮತ್ತೆ ಎತ್ತಿಲ್ಲ. ಈಗಲೂ ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಬ್ಬೇರಿಸುತ್ತಾರೆ, ಏರಿಸಲಿ. ಯಾವ ದಿನ ಯಾವ ಕಾಲು ಕುಂಟಬೇಕೆಂಬ ಚಿಂತೆಯನ್ನು ನಾನು ಕಾಲಿಗೇ ಬಿಟ್ಟಿದ್ದೇನೆ.