ಸೂಲಿಬೆಲೆಯ ಒಂದು ಚೊಂಬು ಹಾಲು

ನೆಲಮಂಗಲದಿಂದ ಹೊಸಕೋಟೆಗೆ ಹೋಗಬೇಕಾದವರು ಬೆಂಗಳೂರಿನೊಳಗೆ ನುಗ್ಗಿ ಆಚೆ ಬರುತ್ತಾರೆ. ನಾನು ಹೋದ ಮಾರ್ಚಿನಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ ಎಂದು ನಾಲ್ಕು ಬಸ್ಸು ಹತ್ತಿಳಿಯುವ ಸುತ್ತು ದಾರಿ ಹಿಡಿದೆ. ನನ್ನ ಶಿಷ್ಯೆ ಚೈತ್ರಳನ್ನು ದೊಡ್ಡಬಳ್ಳಾಪುರದಲ್ಲಿ ಹತ್ತಿಸಿಕೊಳ್ಳಬೇಕಿತ್ತು. ಸೂಲಿಬೆಲೆಯಲ್ಲಿ ನನ್ನ ಗುರುಗಳ ಮನೆಯಿದೆ, ಗುರುಪತ್ನಿಯ ಕಾಲಿಗೆ ಅವಳಿಂದ ಒಂದು ನಮಸ್ಕಾರ ಮಾಡಿಸಬೇಕಿತ್ತು. ಮಾರನೆಯ ದಿನ ಹೊಸಕೋಟೆಯಲ್ಲಿ ರಾಜ್ಯ ತಂಡಕ್ಕೆ ಹೆಂಗಸರ ಕುಸ್ತಿ ಆಯ್ಕೆ. ನಾವು ಹೊರಟ ದಿನವೇ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ತೂಕ.

ಎಂಟು ಗಂಟೆಗೆ ಬಸ್ಸು ಹತ್ತಿದೆ. ಅರವತ್ತೊಂದು ವರ್ಷದವನಿಗೆ, ಅದರಲ್ಲೂ ಎರಡೂ ಮಂಡಿ ಸವೆದವನಿಗೆ, ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದೇ ಒಂದು ಪಂದ್ಯ. ಕೈಯಲ್ಲಿ ಅಕ್ಕಿ ಚೀಲ, ಅದರೊಳಗೆ ಗಾಜಿನ ತೂಕದ ಯಂತ್ರ. ಕಂಡಕ್ಟರ್ ಚೀಲ ಒತ್ತಿ ನೋಡಿ, "ಏನ್ ಯಜಮಾನ್ರೇ, ತರಕಾರಿ ಯಾಪಾರಾನಾ?" ಎಂದ. "ಹೂಂ ಕಣಪ್ಪಾ, ತರಕಾರಿ ದೊಡ್ಡಬಳ್ಳಾಪುರದಲ್ಲಿ ಹತ್ತುತ್ತೆ" ಎಂದೆ. ಅವನು ನಗಲಿಲ್ಲ. ನಲವತ್ತು ರೂಪಾಯಿ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಒಂಬತ್ತೂಕಾಲಿಗೆ ದೊಡ್ಡಬಳ್ಳಾಪುರ. ಬೀದಿಬೀದಿಯಲ್ಲೂ ಮಗ್ಗದ ಸದ್ದು ಶುರುವಾಗಿತ್ತು. ಚೈತ್ರ ನಿಲ್ದಾಣದ ಕಂಬಕ್ಕೆ ಒರಗಿ ನಿಂತಿದ್ದಳು. ಆ ಬಿಸಿಲಿನಲ್ಲಿ ಎರಡು ಜರ್ಸಿ, ಮೇಲೊಂದು ಮಳೆ ಕೋಟು, ತಲೆಗೆ ಉಣ್ಣೆ ಟೋಪಿ! ಜನ ತಿರುಗಿ ತಿರುಗಿ ನೋಡುತ್ತಿದ್ದರು. ಹಿಂದಿನ ದಿನ ಮಧ್ಯಾಹ್ನದಿಂದ ಅವಳು ಏನೂ ತಿಂದಿರಲಿಲ್ಲ, ನೀರನ್ನೂ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದಳು. ಅವಳ ವಿಭಾಗ ಐವತ್ಮೂರು ಕೇಜಿ. ಅದಕ್ಕಿಂತ ಹತ್ತು ಗ್ರಾಂ ಜಾಸ್ತಿ ಇದ್ದರೂ ಅಂಕಣಕ್ಕೆ ಇಳಿಸುವುದಿಲ್ಲ.

"ಹೆಂಗಿದೀಯಮ್ಮಾ?"

"ಬದ್ಕಿದೀನಿ ಸರ್" ಎಂದಳು. ತುಟಿ ಸುಲಿದು ಬಿಳಿಚಿತ್ತು.

ಅವಳಿಗೆ ಇಪ್ಪತ್ತೆರಡು ವರ್ಷ. ಆರು ವರ್ಷದಿಂದ ನನ್ನ ಹತ್ತಿರ ಕಲಿಯುತ್ತಿದ್ದಾಳೆ. ಬೆಳಿಗ್ಗೆ ಬಟ್ಟೆ ಕಾರ್ಖಾನೆಯಲ್ಲಿ ಅರ್ಧ ಪಾಳಿ, ಮಧ್ಯಾಹ್ನ ಬಸ್ಸು ಹತ್ತಿ ನೆಲಮಂಗಲ, ರಾತ್ರಿ ವಾಪಸ್. ಹೋದ ವರ್ಷ ಭುಜ ಜಾರಿ ಆಯ್ಕೆ ತಪ್ಪಿತು, ಅದರ ಹಿಂದಿನ ವರ್ಷ ಒಂದು ಪಾಯಿಂಟಿನಲ್ಲಿ ಸೋತಳು. ಈ ಸಲ ಮೊದಲೇ ಹೇಳಿಬಿಟ್ಟಿದ್ದಳು: "ತಂಡದಲ್ಲಿ ಜಾಗ ಸಿಕ್ಕಿದ್ರೆ ಹಾಸ್ಟೆಲ್, ಊಟ, ಕೋಚಿಂಗ್. ಸಿಗ್ಲಿಲ್ಲ ಅಂದ್ರೆ ಫುಲ್ ಶಿಫ್ಟ್ ಸರ್. ಇನ್ನು ಓಡಾಡೋಕಾಗಲ್ಲ." ನಾನು ಕುಸ್ತಿ ಕಲಿಸುವ ನೆಲಮಂಗಲದ ಶೆಡ್ಡಿಗೆ ಒಂದು ಕಾಲದಲ್ಲಿ ಮೂವತ್ತು ಹುಡುಗರು ಬರುತ್ತಿದ್ದರು. ಈಗ ನೆಟ್ಟಗೆ ಬರುವವಳು ಇವಳೊಬ್ಬಳೇ. ಇವಳು ಬಿಟ್ಟರೆ ಬೀಗ ಹಾಕುವುದೇ ಸರಿ ಎಂದು ನಾನೂ ತೀರ್ಮಾನಿಸಿದ್ದೆ, ಯಾರಿಗೂ ಹೇಳಿರಲಿಲ್ಲ.

ದೇವನಹಳ್ಳಿ ಬಸ್ಸಿನಲ್ಲಿ ಅವಳು ಆಧಾರ್ ಕಾರ್ಡು ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡಳು, ನಾನು ದುಡ್ಡು ಕೊಟ್ಟು ತೆಗೆದುಕೊಂಡೆ. ಕಿಟಕಿ ಮುಚ್ಚಿಸಿದ್ದೆ, ಬೆವರಲಿ ಎಂದು. ಅವಳು ನಿಂಬೆಹುಳಿ ಚಪ್ಪರಿಸಿ ಎಂಜಲು ತಂದುಕೊಂಡು ಪ್ಲಾಸ್ಟಿಕ್ ಬಾಟಲಿಗೆ ಉಗುಳುತ್ತಿದ್ದಳು. ಹೀಗೆ ಉಗುಳಿಯೇ ನೂರು ಗ್ರಾಂ ಇಳಿಸಬಹುದು. ಎದುರು ಸೀಟಿನ ಹೆಂಗಸು ಬಹಳ ಹೊತ್ತು ನೋಡಿ, ದನಿ ತಗ್ಗಿಸಿ ಕೇಳಿದಳು: "ಎಷ್ಟು ತಿಂಗ್ಳವ್ವ?"

ಚೈತ್ರ ನನ್ನ ಕಡೆ ನೋಡಿದಳು. "ಕುಸ್ತಿ ಅಕ್ಕಾ ಕುಸ್ತಿ, ತೂಕ ಇಳಿಸ್ತಾವ್ಳೆ" ಎಂದೆ.

"ಅಯ್ ಸಿವನೆ! ಇರೋದೇ ಒಂದಿಡಿ ಮಗ, ಇನ್ನೇನ್ ಇಳಿಸ್ತೀರಿ ಅದ್ರಾಗೆ?" ಎಂದು ಆಯಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಚೈತ್ರ ಟೋಪಿ ಮುಖದ ಮೇಲೆಳೆದುಕೊಂಡು ನಕ್ಕಳು. ಅವತ್ತು ಅವಳು ನಕ್ಕಿದ್ದು ಅದೊಂದೇ ಸಲ.

ಆ ಹೆಂಗಸಿನ ಮಾತಲ್ಲಿ ತಪ್ಪೇನಿಲ್ಲ. ನಾನೂ ಬೆಳೆದದ್ದು ತಿನ್ನುವ ಕುಸ್ತಿಯಲ್ಲಿಯೇ. ನಮ್ಮೂರು ಶಿವಗಂಗೆ ಬೆಟ್ಟದ ಬುಡ. ಹದಿನಾಲ್ಕನೇ ವಯಸ್ಸಿಗೆ ಅಪ್ಪ ನನ್ನನ್ನು ಸೂಲಿಬೆಲೆಯ ಗರಡಿಗೆ ಬಿಟ್ಟ. ಮಣ್ಣಿನ ಅಖಾಡದಲ್ಲಿ ತೂಕ ಗೀಕ ಏನೂ ಇಲ್ಲ, ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಿದ್ದರು. ಎಷ್ಟು ತಿಂದರೆ ಅಷ್ಟು ಒಳ್ಳೆಯದು. ಆಮೇಲೆ ನಾನು ಮ್ಯಾಟಿಗೆ ಬಂದೆ, ಕಾಲಿಗೆ ಬೂಟು ಹಾಕಿದೆ, ಫ್ರೀಸ್ಟೈಲ್‌ನಲ್ಲಿ ನಾಲ್ಕು ಸಲ ರಾಜ್ಯ ಚಾಂಪಿಯನ್ ಆದೆ, ಒಂದು ಸಲ ರಾಷ್ಟ್ರಮಟ್ಟದಲ್ಲಿ ಬೆಳ್ಳಿ. ಅದರ ಮೇಲೆ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ನಿವೃತ್ತಿಯಾಗುವವರೆಗೂ ಫೈಲು ಹೊತ್ತೆ, ಸಂಜೆ ಹುಡುಗರಿಗೆ ಪಟ್ಟು ಹೇಳಿಕೊಟ್ಟೆ. ಉಳಿದದ್ದು ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಮುದ್ದೆಗಟ್ಟಿದ ಎಡಗಿವಿ ಮತ್ತು ಈ ಮಂಡಿ. ಹೇಳಿಕೊಳ್ಳುವುದಕ್ಕೆ ಇಷ್ಟೇ.

ಹತ್ತೂಮುಕ್ಕಾಲಿಗೆ ದೇವನಹಳ್ಳಿ ತಲುಪಿದೆವು. ವಿಮಾನವೊಂದು ತಲೆ ಮೇಲೇ ಇಳಿಯಿತು, ಯಾರೂ ಕತ್ತೆತ್ತಲಿಲ್ಲ. ಚೈತ್ರ ತೂಕದ ಯಂತ್ರದ ಚೀಲ ಹಿಡಿದು ಹೆಂಗಸರ ಕೊಠಡಿಗೆ ಹೋದಳು. ನಾನು ಹೊರಗೆ ಚಕ್ಕೋತ ಮಾರುವವಳ ಪಕ್ಕದಲ್ಲಿ ನಿಂತೆ. ಐದು ನಿಮಿಷಕ್ಕೆ ಚೈತ್ರ ಬಾಗಿಲಲ್ಲಿ ಕಾಣಿಸಿಕೊಂಡು ಎರಡು ಬೆರಳು ಎತ್ತಿದಳು.

"ಐವತ್ತೆರಡು ಎಂಟ್ನೂರು ಸರ್. ಇನ್ನೂರು ಗ್ರಾಂ ಕಮ್ಮೀನೇ ಇದೆ."

"ಗೆದ್ದೆ ಬಿಡು!" ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಆ ವಿಭಾಗಕ್ಕೆ ಬರುವ ಹುಡುಗಿಯರನ್ನೆಲ್ಲ ನಾನು ನೋಡಿದ್ದೆ, ಇವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಇನ್ನು ತೂಕದವರೆಗೆ ಬಾಯಿ ಕಟ್ಟಿಕೊಂಡರೆ ಸಾಕಿತ್ತು.

ಸೂಲಿಬೆಲೆ ಕಡೆಗೆ ರಸ್ತೆ ಅಗಲವಾಗಿದೆ, ಲಾರಿಗಳ ಕಾಟ ಹೇಳತೀರದು. ಎರಡೂ ಬದಿ ರಾಗಿ ಕೊಯ್ದ ಹೊಲ, ಹಿಪ್ಪುನೇರಳೆ, ನಡುನಡುವೆ ಬಣ್ಣದ ಕಲ್ಲು ನೆಟ್ಟ ಸೈಟುಗಳು. ಹನ್ನೆರಡೂವರೆಗೆ ಇಳಿದು ಡೈರಿ ಹಿಂದಿನ ಓಣಿಯಲ್ಲಿ ನಡೆದೆವು. ಗುರುಗಳು ತೀರಿಕೊಂಡು ಬಹಳ ವರ್ಷವಾಯಿತು. ಗುರುಪತ್ನಿ ಪುಟ್ಟಮ್ಮನವರಿಗೆ ಎಂಬತ್ತು ದಾಟಿದೆ, ನಾವೆಲ್ಲ ಅಮ್ಮ ಎಂದೇ ಕರೆಯುವುದು. ದೊಡ್ಡ ಪಂದ್ಯಕ್ಕೆ ಮುಂಚೆ ಅಮ್ಮನ ಕಾಲಿಗೆ ಬೀಳದೆ ನಾನೂ ಹೋದವನಲ್ಲ, ನನ್ನ ಶಿಷ್ಯರೂ ಹೋದವರಲ್ಲ. ಹಿಂದೆಲ್ಲ ಎರಡು ದಿನ ಮುಂಚೆ ಬರುತ್ತಿದ್ದೆವು, ತೂಕದ ದಿನವೇ ಬಂದದ್ದು ಇದೇ ಮೊದಲು. ಐದು ನಿಮಿಷ, ನಮಸ್ಕಾರ, ಮುಂದಿನ ಬಸ್ಸು. ಲೆಕ್ಕ ಹಾಕಿಕೊಂಡಿದ್ದು ಅಷ್ಟೇ.

ಅಮ್ಮ ಚೈತ್ರಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಏನ್ಲಾ ಇದು? ಈ ಮಗೀಗೆ ಅನ್ನಾನೇ ಇಕ್ಕಿಲ್ವಾ ನೀನು? ಕೆನ್ನೆ ಒಣಗೋಗವೆ!"

"ತೂಕ ಇದೆ ಅಮ್ಮ, ಅದಕ್ಕೇ..." ಎಂದು ಶುರು ಮಾಡಿದೆ.

"ತೂಕವೋ ಗೀಕವೋ. ಪೈಲ್ವಾನ್ರು ಈ ಮನೇಲಿ ಹಾಲು ಕುಡೀದೆ ಹೊಸ್ಲು ದಾಟಿದ್ದುಂಟಾ?" ಎಂದು ಒಳಗೆ ಹೋದರು. ಹಿತ್ತಾಳೆ ಚೊಂಬಿನಲ್ಲಿ ಬಾದಾಮಿ ಅರೆದು, ಬೆಲ್ಲ ಹಾಕಿ, ಒಂದು ಚಮಚ ತುಪ್ಪ ಬಿಟ್ಟ ಹಾಲು ತಂದರು. ನಾನು ಹಿಂದಿನ ದಿನ ಫೋನ್ ಮಾಡಿದ್ದೆನಲ್ಲ, ಬೆಳಿಗ್ಗೆ ಡೈರಿಗೆ ಹಾಕದೆ ಎತ್ತಿಟ್ಟಿದ್ದರಂತೆ. ಮುಕ್ಕಾಲು ಚೊಂಬು, ಅರ್ಧ ಲೀಟರಿಗೆ ಕಮ್ಮಿಯಿಲ್ಲ.

ನನಗೆ ಗೊತ್ತಿತ್ತು. ಅರ್ಧ ಲೀಟರು ಎಂದರೆ ಅರ್ಧ ಕೇಜಿ ಎಂದು ಶೆಡ್ಡಿನ ಗೋಡೆ ಮೇಲೆ ಇದ್ದಿಲಿನಲ್ಲಿ ಬರೆದವನೇ ನಾನು. ಆದರೆ ಆ ಹಜಾರದಲ್ಲಿ, ಗುರುಗಳ ಫೋಟೋ ಕೆಳಗೆ, ನಾನು ಕೋಚ್ ಆಗಿರಲಿಲ್ಲ. ಗರಡಿಗೆ ಸೇರಿದ ಮೊದಲ ದಿನ ಗುರುಗಳು ಪಟ್ಟು ಹೇಳಿಕೊಟ್ಟಿರಲಿಲ್ಲ. ಗುರುಮನೆಯ ಲೋಟಕ್ಕೆ ಬೇಡ ಅನ್ನಬಾರದು ಎಂದಷ್ಟೇ ಹೇಳಿದ್ದರು. ನಲವತ್ತೇಳು ವರ್ಷ ಅದನ್ನು ಮೀರಿರಲಿಲ್ಲ. ಚೈತ್ರ ಚೊಂಬು ಹಿಡಿದು ನನ್ನ ಕಡೆ ನೋಡಿದಳು. ನಾನು ಫೋಟೋ ನೋಡುತ್ತಾ, "ತಗೋಮ್ಮಾ" ಎಂದೆ. ಅವಳು ಒಂದೇ ಉಸಿರಿಗೆ ಕುಡಿದಳು. ಪಾಪ, ಒಂದು ದಿನದ ಬಾಯಾರಿಕೆ. ಅಮ್ಮ ಸಮಾಧಾನದಿಂದ ಅವಳ ಬೆನ್ನು ಸವರಿದರು.

ಹೊಸಕೋಟೆ ಬಸ್ಸು ಹತ್ತಿದೆವು. ನಾನು ಮನಸ್ಸಿನಲ್ಲೇ ಗ್ರಾಂ ಕೂಡಿ ಕಳೆಯುತ್ತಿದ್ದೆ. ಇನ್ನೂರು ಮೊದಲೇ ಕಮ್ಮಿ, ಬೆವರಿದರೆ ನೂರು, ಒಂದು ಸಲ ಮೂತ್ರಕ್ಕೆ ಹೋದರೆ ಇನ್ನೂರು. ಆದರೆ ಬತ್ತಿದ ಮೈ ಸಿಕ್ಕ ನೀರನ್ನು ಬಿಟ್ಟುಕೊಡುವುದಿಲ್ಲ. ಇಷ್ಟು ವರ್ಷ ಕಲಿಸಿದವನಿಗೆ ಇದೂ ಗೊತ್ತಿತ್ತು. ಗೊತ್ತಿದ್ದೂ ಕುಡಿಸಿದ್ದೆ.

ಎರಡು ಗಂಟೆಗೆ ಹೊಸಕೋಟೆಯ ಶಾಲಾ ಮೈದಾನ. ಅವಳು ಕೋಟು ಬಿಗಿದುಕೊಂಡು ಓಡತೊಡಗಿದಳು. ಸುತ್ತು ಹಾಕಿದಳು, ಹಗ್ಗ ಹಾರಿದಳು, ಉಗುಳಲು ನೋಡಿದಳು, ಎಂಜಲೇ ಬರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಗಡಿಯಾರ ಹಿಡಿದು ಬೇವಿನ ಮರದ ಕೆಳಗೆ ನಿಂತಿದ್ದೆ, ಮಾಡುವುದಕ್ಕೆ ಬೇರೇನೂ ಇರಲಿಲ್ಲ. ಮೂರೂಮುಕ್ಕಾಲಿಗೆ ಒಳಗೆ ಹೋದವಳು ಹೊರಗೆ ಬಂದು ತಲೆ ಆಡಿಸಿದಳು. ಐವತ್ಮೂರು ನೂರಾ ಎಂಬತ್ತು. ಮತ್ತೆ ಓಡಿದಳು. ನಾಲ್ಕಕ್ಕೆ ಎರಡು ನಿಮಿಷ ಇದ್ದಾಗ ಮತ್ತೆ ಒಳಗೆ ಹೋದಳು. ಐವತ್ಮೂರು ನೂರಾ ಇಪ್ಪತ್ತು.

ತೂಕದ ಮೇಜಿನಲ್ಲಿದ್ದಾಕೆ ಕೆಟ್ಟವಳಲ್ಲ. ಎದ್ದು ನಿಂತೇ ಮಾತಾಡಿದಳು. "ಸರ್, ನಿಮ್ಮನ್ನ ನೋಡ್ಕೊಂಡೇ ನಾವು ಕುಸ್ತಿ ಕಲ್ತಿದ್ದು. ಆದ್ರೆ ಬೇರೆ ಮಕ್ಳೂ ಉಪವಾಸ ಇದ್ದು ಬಂದಿದಾರೆ. ನಾನೇನ್ ಮಾಡ್ಲಿ, ಹೇಳಿ?" ಮೇಲಿನ ವಿಭಾಗಕ್ಕೆ ಹಾಕಿಕೊಳ್ಳಿ ಎಂದು ಕೇಳಿದೆ. ಪಟ್ಟಿ ಮುಗಿದಿತ್ತು. ನಾಲ್ಕು ಗಂಟೆ ಬಾರಿಸಿತು.

ಮೈದಾನದ ಎದುರು ಬೇಕರಿಯಲ್ಲಿ ಕೂತೆವು. ಚೈತ್ರ ಒಂದು ಲೀಟರ್ ನೀರು ಕುಡಿದಳು, ಆಮೇಲೆ ಬನ್ನು ತಿಂದಳು. ಅಳಲಿಲ್ಲ. ನನಗೇ ತಡೆಯಲಾಗದೆ ಕೇಳಬಾರದ್ದನ್ನು ಕೇಳಿಬಿಟ್ಟೆ: "ನೀನಾದ್ರೂ ಬೇಡ ಅನ್ನಬಾರ್ದಿತ್ತೇನಮ್ಮಾ?"

ಅವಳು ಬನ್ನು ಕೆಳಗಿಟ್ಟಳು. "ಆರು ವರ್ಷದಲ್ಲಿ ನಿಮ್ಮ ಮಾತಿಗೆ ಒಂದ್ಸಲ ಬೇಡ ಅಂದಿದೀನಾ ಸರ್? ನಾನು ನಿಮ್ ಮುಖಾನೇ ನೋಡ್ತಿದ್ದೆ. ನೀವು ಫೋಟೋ ನೋಡ್ತಿದ್ರಿ."

"ತಪ್ಪು ನಂದು" ಎಂದೆ. ಶಿಷ್ಯರ ಮುಂದೆ ಈ ಮಾತು ಹಿಂದೆಂದೂ ಆಡಿದವನಲ್ಲ. ಅವಳು ಹೂಂ ಎಂದಳು, ಬನ್ನು ಮುಗಿಸಿದಳು.

ವಾಪಸ್ಸಿಗೆ ದೊಡ್ಡಬಳ್ಳಾಪುರದ ಮೂಲಕ ನೆಲಮಂಗಲಕ್ಕೆ ಹೋಗುವ ನೇರ ಬಸ್ಸೇ ಸಿಕ್ಕಿತು. ಸೀಟೂ ಸಿಕ್ಕಿತು. ಸೂಲಿಬೆಲೆ ದಾಟುವಾಗ ಇಬ್ಬರೂ ಆ ಕಡೆ ನೋಡಲಿಲ್ಲ. ದೇವನಹಳ್ಳಿ ಹತ್ತಿರ ಫೋನು ಬಂತು, ಅಮ್ಮನದು. ನನ್ನ ಮುರುಟಿದ ಕಿವಿಗೆ ಫೋನು ಸರಿಯಾಗಿ ಕೇಳುವುದಿಲ್ಲ, ಯಾವಾಗಲೂ ಸ್ಪೀಕರ್ ಹಾಕುತ್ತೇನೆ. ಅಮ್ಮನ ದನಿ ಅರ್ಧ ಬಸ್ಸಿಗೆ ಕೇಳಿಸಿತು.

"ಏನಪ್ಪಾ, ಮಗ ಹೆಂಗದೆ? ಹಾಲು ಕೆಲ್ಸ ಮಾಡ್ತಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಚೈತ್ರ ನನ್ನನ್ನೇ ನೋಡುತ್ತಿದ್ದಳು. "ಇಲ್ಲ ಅಮ್ಮ. ತೂಕದಲ್ಲಿ ಹೋಯ್ತು. ಹಾಲು ಕುಡಿಸಬಾರ್ದಿತ್ತು, ನಾನೇ ಕುಡಿ ಅಂದೆ" ಎಂದೆ.

ಅಮ್ಮ ಜೋರಾಗಿಯೇ ಬೈದರು.

"ಅಯ್ಯೋ ನಿನ್ನ! ಬೇಡ ಅನ್ನಕ್ಕೇನ್ಲಾ ಆಗಿತ್ತು ನಿಂಗೆ? ನಾನು ಮುದುಕಿ, ನಂಗೇನ್ ಗೊತ್ತು ನಿಮ್ ತೂಕದ್ ವಿಚಾರ? ಬೇಡ ಅಂದಿದ್ರೆ ಹೆಪ್ಪಾಕಿ ಮಡಗ್ತಿದ್ದೆ, ನಾಳಿಕ್ಕೆ ಮೊಸರಾಗೋದು. ಅಷ್ಟೇ ತಾನೆ?"

ಅವರು ಇನ್ನೂ ಏನೋ ಹೇಳಿ, ಮೂಗು ಸೀಟಿ, ಫೋನಿಟ್ಟರು. ಚೈತ್ರ ಕಿಟಕಿ ಕಡೆ ತಿರುಗಿಕೊಂಡು ಆಗ ಅತ್ತಳು. ನನಗೂ ಅಳು ಬಂದಿತ್ತು, ಜನರಿದ್ದರು.

ಆರೂವರೆಗೆ ದೊಡ್ಡಬಳ್ಳಾಪುರ. ಅವಳು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು, ಬಗ್ಗಿ ನನ್ನ ಕಾಲು ಮುಟ್ಟಿದಳು.

"ಹೋಗ್ತೀನಿ ಸರ್" ಎಂದಳು.

ನಮ್ಮ ಕಡೆ ಹಾಗೆ ಯಾರೂ ಹೇಳುವುದಿಲ್ಲ. "ಹಂಗನ್ಬಾರ್ದು ಕಣಮ್ಮಾ, ಬರ್ತೀನಿ ಅನ್ನು" ಎಂದೆ.

ಅವಳು ನನ್ನ ಮುಖವನ್ನೇ ನೋಡಿ, ಮೆತ್ತಗೆ, "ಬೇಡ ಸರ್" ಎಂದಳು.

ಕಂಡಕ್ಟರ್ ಸೀಟಿ ಊದಿದ. ಅವಳು ಇಳಿದು ಮಗ್ಗದ ಬೀದಿ ಕಡೆ ನಡೆದಳು, ಬಸ್ಸು ನೆಲಮಂಗಲದ ಕಡೆ ಹೊರಟಿತು.