ಆಚಾರ್ಯರನ್ನು ಎತ್ತಿದವರು ಯಾರು?

ನನ್ನ ಜೀವಮಾನದಲ್ಲಿ ನಾನು ಮಾಡಿದ ಒಂದೇ ಒಂದು ಸಾಹಸ ಕಳೆದ ಭಾನುವಾರ ನನ್ನ ಕೈತಪ್ಪಿ ಹೋಯಿತು. ಆ ಆಘಾತದಿಂದ ಇನ್ನೂ ಚೇತರಿಸಿಕೊಂಡಿಲ್ಲ. ಬೆಳಿಗ್ಗೆ ಹಲ್ಲುಜ್ಜಿದೆನೋ ಇಲ್ಲವೋ ಎಂಬುದನ್ನೂ ಈಗ ಹೆಂಡತಿಯನ್ನು ಕೇಳಿ ಖಚಿತಪಡಿಸಿಕೊಳ್ಳುತ್ತಿದ್ದೇನೆ.

ಸಾಹಸ ನಡೆದದ್ದು ಎರಡನೆಯ ಮಹಾಯುದ್ಧ ಆರಂಭವಾಗುವುದಕ್ಕೆ ಹಿಂದಿನ ವರ್ಷದ ಶ್ರಾವಣದಲ್ಲಿ, ಪುಣೆಯ ಮುಠಾ ನದಿಯ ಸ್ನಾನದ ಘಾಟಿನಲ್ಲಿ. ಜಿಟಿಜಿಟಿ ಮಳೆ. ಬಾಗಲಕೋಟೆ ಕಡೆಯ ವೆಂಕಣ್ಣಾಚಾರ್ಯರು ಸ್ನಾನ ಮುಗಿಸಿ, ಒದ್ದೆ ಮಡಿಪಂಚೆಯಲ್ಲಿ, ತಾಮ್ರದ ಕೊಡ ಹೊತ್ತು ಮೇಲೆ ಬರುತ್ತಿದ್ದವರು ಪಾಚಿಗೆ ಜಾರಿದರು. ಕೊಡ ನದಿಯ ಪಾಲಾಯಿತು. ಆಚಾರ್ಯರು ಮೆಟ್ಟಿಲಿನ ಅಂಚು ಹಿಡಿದು ಎದೆಮಟ್ಟದ ಸೆಳವಿನಲ್ಲಿ ಜೋತುಬಿದ್ದರು. ದಡದಲ್ಲಿ ನಾವು ಇಪ್ಪತ್ತು ಜನ.

“ಮಡಿಯೊಳಗ ಅದಾರ್ರೀ, ಮುಟ್ಟಬ್ಯಾಡ್ರಿ!” ಎಂದರು ಒಬ್ಬರು.

“ಸ್ನಾನ ಆದವರು ಯಾರರ ಅದೀರೇನು?” ಎಂದರು ಇನ್ನೊಬ್ಬರು.

ಅವರು ಮುಳುಗಲಿ ಎಂದು ಯಾರ ಮನಸ್ಸಿನಲ್ಲೂ ಇರಲಿಲ್ಲ. ಎಲ್ಲರೂ ತಮಗಿಂತ ಶುದ್ಧನಾದ ಒಬ್ಬನಿಗಾಗಿ ಅತ್ತಿತ್ತ ನೋಡುತ್ತಿದ್ದರು, ಅಷ್ಟೆ. ದಡದಲ್ಲಿ ಒಬ್ಬನೇ ಇದ್ದಿದ್ದರೆ ಅವನು ಹೇಗೂ ಕೈ ಚಾಚುತ್ತಿದ್ದ. ಇಪ್ಪತ್ತು ಜನ ಸೇರಿದರೆ ಹೊಣೆ ಇಪ್ಪತ್ತು ಪಾಲಾಗಿ, ಒಬ್ಬೊಬ್ಬನ ಪಾಲಿಗೆ ಒಂದು ಬೆರಳು ಎತ್ತುವಷ್ಟೂ ಉಳಿಯುವುದಿಲ್ಲ.

ಆಗ, ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿ, ಮಡಿಯೆಂಬುದು ಬರೀ ಮೂಢನಂಬಿಕೆ ಎಂದು ಖಾನಾವಳಿಯಲ್ಲಿ ದಿನವೂ ಸಾಧಿಸುತ್ತಿದ್ದ ನಾನು ಮುನ್ನುಗ್ಗಿ ಅವರನ್ನು ಮೇಲೆಳೆದೆ. ಈ ಕಥೆಯನ್ನು ಏಳು ವರ್ಷ ಹೇಳಿದ್ದೇನೆ: ಕಾಲೇಜಿನ ತರಗತಿಯಲ್ಲಿ ಉದಾಹರಣೆಯಾಗಿ, ಹೆಣ್ಣು ನೋಡಲು ಹೋದಾಗ ಮಾವನವರ ಮುಂದೆ. ಶಾಂತಾ ನನ್ನನ್ನು ಒಪ್ಪಿದ್ದೇ ಈ ಕಥೆಗೆ, ಮುಖಕ್ಕಂತೂ ಅಲ್ಲ.

ಅಂದು ಕಾಲು ಮುರಿದುಕೊಂಡು ಧಾರವಾಡದ ಮಗನ ಮನೆಗೆ ಹೋಗಿದ್ದ ಆಚಾರ್ಯರು ಈಗ ಪುಣೆಗೆ ಮರಳಿ ಬಂದಿದ್ದಾರೆ. ಭಾನುವಾರ, ಹತ್ತಾರು ಬಾಡಿಗೆ ಸಂಸಾರಗಳಿರುವ ನಮ್ಮ ವಾಡೆಯ ಸತ್ಯನಾರಾಯಣ ಪೂಜೆಗೆ ಬಂದಾಗ ಶಾಂತಾ ಹೆಮ್ಮೆಯಿಂದ ನನ್ನನ್ನು ಮುಂದಕ್ಕೆ ತಂದಳು. “ನಿಮ್ಮನ್ನ ನೀರಿನ್ಯಾಗಿಂದ ಎತ್ತಿದವರು ಇವರ ನೋಡ್ರಿ.”

ಆಚಾರ್ಯರು ಕನ್ನಡಕ ಸರಿಪಡಿಸಿಕೊಂಡರು. “ಇವರಾ? ಇವರು ಮ್ಯಾಲಿನ ಮೆಟ್ಟಲದಾಗ ಛತ್ರಿ ಹಿಡಕೊಂಡು ನಿಂತಿದ್ರಲ್ಲವಾ! ‘ಪ್ರಾಣ ದೊಡ್ಡದೋ ಮಡಿ ದೊಡ್ಡದೋ, ಯಾರರ ಹಿಡೀರಿ’ ಅಂತ ಭಾಳ ಛಂದ ವಾದ ಮಾಡಿದ್ರು. ಎತ್ತಿದಾಕಿ ಚಂದ್ರಾಬಾಯಿ. ಆಕಿ ಕೈ ಹಾಕಿದ ಮ್ಯಾಲ ಎಲ್ಲಾರೂ ಓಡಿ ಬಂದ್ರು. ಇವರೂ ಬಂದ್ರು, ಸುಳ್ಳ್ಯಾಕ ಹೇಳ್ಲಿ? ಆರನೇದವರೋ, ಏಳನೇದವರೋ. ಆಮ್ಯಾಲ ನಾ ಮತ್ತೊಮ್ಮೆ ಸ್ನಾನ ಮಾಡಿದೆ, ಆ ಮಾತು ಬ್ಯಾರೆ.”

ಶಾಂತಾ ನನ್ನತ್ತ ತಿರುಗಿದಳು. “ಹಂಗಾರ ನಾ ಆರನೇದವರನ್ನ ಮದುವಿ ಆದೆನೇನು?” ನಕ್ಕಳೋ ಇಲ್ಲವೋ ಗೊತ್ತಿಲ್ಲ, ಮುಖ ನೋಡುವ ಧೈರ್ಯವಾಗಲಿಲ್ಲ.

ಚಂದ್ರಾಬಾಯಿ ನಮ್ಮ ವಾಡೆಯಲ್ಲೇ ಪಾತ್ರೆ ತಿಕ್ಕುವವಳು. ಅವಳು ತಿಕ್ಕಿದ ಲೋಟದಲ್ಲಿ ಚಹಾ ಕುಡಿಯುತ್ತಲೇ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆ! ಆ ಒದ್ದೆ ಪಂಚೆ ಅಂಗೈಗೆ ತಣ್ಣಗೆ ತಾಗಿದ್ದು ಇಂದಿಗೂ ನೆನಪಿದೆ, ಅದು ಸುಳ್ಳಲ್ಲ. ನನಗಿಂತ ಮುಂದಿದ್ದ ಐದಾರು ಜನರನ್ನು ಮಾತ್ರ ನೆನಪು ಸದ್ದಿಲ್ಲದೆ ಹೊರಗೆ ಕಳಿಸಿತ್ತು. ದೇವರಿದ್ದಾನೆ ಎಂಬುದಕ್ಕೂ ಸಾಕ್ಷಿ ಕೇಳುವ ನಾನು, ಇದಕ್ಕೆ ನನ್ನನ್ನು ಒಮ್ಮೆಯೂ ಸಾಕ್ಷಿ ಕೇಳಿರಲಿಲ್ಲ.

ಮರುದಿನ ಅಂಗಳದ ನಲ್ಲಿಯ ಬಳಿ ಹೋಗಿ ಚಂದ್ರಾಬಾಯಿಯನ್ನು ಕೇಳಿದೆ: ಅಷ್ಟು ಜನ ಮುಟ್ಟಬೇಡಿ ಎನ್ನುತ್ತಿದ್ದಾಗ ನಿನಗೊಬ್ಬಳಿಗೇ ಧೈರ್ಯ ಹೇಗೆ ಬಂತು?

ಅವಳು ಬೂದಿ ಮೆತ್ತಿದ ಕೈಯಲ್ಲೇ ಸೆರಗು ಸರಿಸಿಕೊಂಡು ಮರಾಠಿಯಲ್ಲಿ ಹೇಳಿದಳು: “ನನಗೆಲ್ಲಿಯ ಧೈರ್ಯ, ಮಾಸ್ತರ? ನೀವು ಛತ್ರಿ ಮಡಚಿದಿರಿ. ಇಳಿಯುತ್ತೀರಿ ಅಂದುಕೊಂಡೆ. ನಿಮ್ಮೊಬ್ಬರ ಕೈಲಿ ಆದೀತೇ ಅಂತ ನಾನೂ ಇಳಿದೆ.”

ಛತ್ರಿ ಯಾಕೆ ಮಡಚಿದೆ? ಇಳಿಯಬೇಕೆಂದೋ, ಮಳೆ ನಿಂತಿತೆಂದೋ? ಮೂರು ದಿನದಿಂದ ಯೋಚಿಸುತ್ತಿದ್ದೇನೆ; ನೆನಪಾಗುತ್ತಿಲ್ಲ. ನೆನಪಾದರೂ ನಾನು ನಂಬುವುದಿಲ್ಲ. ಆದರೆ ಈಗ ಘಾಟಿನ ಕಡೆ ಹೋದಾಗ, ಮಳೆ ಸುರಿಯುತ್ತಿದ್ದರೂ, ಛತ್ರಿ ಮಡಚಿಕೊಂಡೇ ನಿಲ್ಲುತ್ತೇನೆ. ನಾನು ಇಳಿಯುತ್ತೇನೆಂದು ತಪ್ಪು ತಿಳಿದು ಯಾರಾದರೂ ಇಳಿದಾರು.